ಹಿಮದ ಹಾದಿಯಲ್ಲಿ ಮೋಟಾರು

1965ನೆಯ ಇಸವಿಯ ಜನವರಿ ತಿಂಗಳು. ಯೂರೋಪಿನ ಬೇರೆ ಬೇರೆ ನಗರಗಳಿಂದ ಹೊರಟ 237 ಕಾರುಗಳು ಮೆಡಿಟರೇನಿಯನ್ ಸಮುದ್ರತೀರದ ಪುಟ್ಟ ರಾಜ್ಯವಾದ ಮೊನಾಕೊವನ್ನು ಮುಟ್ಟಲು ಹಗಲಿರುಳೆನ್ನದೆ ಓಡುತ್ತಿದ್ದುವು. ಮಾಂಟೆ ಕಾರ್ಲೊ ರ್‍ಯಾಲಿ ಎಂದು ಲೋಕಪ್ರಸಿದ್ಧವಾದ ಪಂದ್ಯ ಅದು. ದಾರಿ ಆಲ್ಪ್ಸ್ ಪರ್ವತಗಳ ಕಣಿವೆ ಕೊಳ್ಳಗಳನ್ನು ಹಾಯ್ದು ಹೋಗುತ್ತದೆ. ಆ ವರ್ಷ ಹಿಮ ಎಡೆಬಿಡದೆ ಸುರಿಯಿತು. ಬಿರುಗಾಳಿಯೂ ಅದರೊಡನೆ ಕೂಡಿಕೊಂಡಿತು. ರಸ್ತೆ ಯಾವುದು, ಕಂದರ ಯಾವುದು ಎಂದು ತಿಳಿಯದಂತೆ ಎಲ್ಲವೂ ಒಂದೇ ಬಿಳುಪಿನಲ್ಲಿ ಮುಳುಗಿಹೋಯಿತು. ದಾರಿಯುದ್ದಕ್ಕೂ ಕಾರುಗಳು ಒಂದೊಂದಾಗಿ ಹಿಂದುಳಿದುವು. 237ರಲ್ಲಿ ಕೊನೆ ಮುಟ್ಟಿದುವು ಕೇವಲ 35.

ಗೆದ್ದದ್ದು ಯಾವ ಕಾರು? ನಾಲ್ವರು ಮೊಣಕಾಲು ಮಡಿಸಿ ಕುಳಿತುಕೊಳ್ಳಬೇಕಾದ, ಹತ್ತೇ ಅಂಗುಲದ ಗಾಲಿಗಳುಳ್ಳ ಮಿನಿ ಎಂಬ ಬ್ರಿಟಿಷ್ ಪುಟಾಣಿ ಕಾರು. ಎಂಜಿನ್ನನ್ನು ಸ್ವಲ್ಪ ಬಲಪಡಿಸಿದ್ದರೆಂಬುದು ನಿಜ. ಆದರೆ ಅದರ ಮೂಲ ಒಡಲು ಲಂಡನ್ನಿನ ಬೀದಿಯಲ್ಲಿ ಗೃಹಿಣಿಯರು ತರಕಾರಿ ತರಲು ಒಯ್ಯುತ್ತಿದ್ದ ಸಾಮಾನ್ಯ ಕಾರಿನದೇ. ಅದನ್ನು ನಡೆಸಿದವನು ಫಿನ್ಲೆಂಡಿನ ಟಿಮೊ ಮ್ಯಾಕಿನೆನ್. ಜೊತೆಗಾರ ಇಂಗ್ಲೆಂಡಿನ ಪಾಲ್ ಈಸ್ಟರ್. ಅದರ ಹಿಂದಿನ ವರ್ಷ, 1964ರಲ್ಲಿಯೂ, ಪ್ಯಾಡಿ ಹಾಪ್‌ಕರ್ಕ್ ಎಂಬ ಐರಿಷ್ ಚಾಲಕ ಇಂಥದೇ ಮಿನಿಯಲ್ಲಿ ಇದೇ ಪಂದ್ಯವನ್ನು ಗೆದ್ದಿದ್ದನು.

ಹಿಮದ ಮೇಲೆ ಕುದುರೆಬಲ ಕೆಲಸಕ್ಕೆ ಬಾರದು. ನೆಲವನ್ನು ಹಿಡಿದುಕೊಳ್ಳುವ ಶಕ್ತಿ ಬೇಕು. ಈ ಸತ್ಯವನ್ನು ಆ ಪುಟ್ಟ ಕಾರು ಜಗತ್ತಿಗೆ ತೋರಿಸಿಕೊಟ್ಟಿತು. ಪಂದ್ಯದ ಮಾತು ಹಾಗಿರಲಿ. ಹಿಮ ಬೀಳುವ ನಾಡುಗಳಲ್ಲಿ ಕಛೇರಿಗೆ ಹೋಗುವವರು, ಮಕ್ಕಳನ್ನು ಶಾಲೆಗೆ ಬಿಡುವವರು, ರೋಗಿಯನ್ನು ಆಸ್ಪತ್ರೆಗೆ ಒಯ್ಯುವವರು ಎಲ್ಲರಿಗೂ ಈ ಹಿಡಿತದ ಪ್ರಶ್ನೆ ಪ್ರತಿ ಚಳಿಗಾಲದಲ್ಲಿಯೂ ಎದುರಾಗುತ್ತದೆ. ಕೆಲವೊಮ್ಮೆ ಅದು ಪ್ರಾಣದ ಪ್ರಶ್ನೆಯೇ ಆಗಿಬಿಡುತ್ತದೆ.

ನಾಲ್ಕು ಅಂಗೈಯಗಲದ ಆಸರೆ

ಒಂದು ಸಾವಿರ ಕಿಲೋಗ್ರಾಂ ತೂಗುವ ಕಾರು ನೆಲವನ್ನು ಮುಟ್ಟುವುದು ಎಷ್ಟು ಜಾಗದಲ್ಲಿ? ಪ್ರತಿಯೊಂದು ಟೈರಿನ ಕೆಳಗೆ ಹೆಚ್ಚು ಕಡಮೆ ಒಂದು ಅಂಗೈಯಗಲ, ಅಷ್ಟೇ. ಕಾರು ಹೊರಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಈ ನಾಲ್ಕು ಅಂಗೈಗಳ ಆಸರೆಯಿಂದಲೇ ಆಗಬೇಕು. ಒಣಗಿದ ಡಾಂಬರಿನ ಮೇಲೆ ರಬ್ಬರು ಸೊಗಸಾಗಿ ಕಚ್ಚಿಕೊಳ್ಳುವುದರಿಂದ ಚಾಲಕನಿಗೆ ಈ ವಿಷಯ ನೆನಪಿಗೇ ಬರುವುದಿಲ್ಲ. ಗಟ್ಟಿಯಾಗಿ ತುಳಿದು ಮಟ್ಟವಾದ ಹಿಮದ ಮೇಲೆ ಆ ಹಿಡಿತ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೀರ್ಗಲ್ಲಿನ ಮೇಲೆ ಎಂಟರಲ್ಲಿ ಒಂದು ಪಾಲಿಗೆ.

ಲೆಕ್ಕ ಹಾಕಿ ನೋಡಿದರೆ ಇದರ ಭೀಕರತೆ ಮನಸ್ಸಿಗೆ ಬರುತ್ತದೆ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಬರುತ್ತಿರುವ ಕಾರಿಗೆ ಒಣ ಡಾಂಬರಿನ ಮೇಲೆ ಬ್ರೇಕು ಹಾಕಿದರೆ ಅದು 12 ಅಥವಾ 13 ಮೀಟರು ದೂರದಲ್ಲಿ ನಿಲ್ಲುತ್ತದೆ. ಗಟ್ಟಿ ಹಿಮದ ಮೇಲೆ ಅದೇ ಕಾರು ನಿಲ್ಲಲು ಸುಮಾರು 50 ಮೀಟರು ಬೇಕು. ನೀರ್ಗಲ್ಲಿನ ಮೇಲೆ 100 ಮೀಟರು ಹೋದರೂ ನಿಂತೀತೆಂಬ ಭರವಸೆಯಿಲ್ಲ. ಆದರೆ ಇದೇ ಲೆಕ್ಕದಲ್ಲಿ ಒಂದು ಸಮಾಧಾನವೂ ಅಡಗಿದೆ. ವೇಗವನ್ನು ಅರ್ಧ ಮಾಡಿದರೆ ನಿಲ್ಲುವ ದೂರ ಕಾಲುಭಾಗವಾಗುತ್ತದೆ. ಹಿಮದ ಮೇಲೆ 25 ಕಿಲೋಮೀಟರು ವೇಗದಲ್ಲಿ ಹೋಗುವವನು ಒಣರಸ್ತೆಯಲ್ಲಿ 50ರ ವೇಗದಲ್ಲಿ ಹೋಗುವವನಷ್ಟೇ ದೂರದಲ್ಲಿ ಕಾರನ್ನು ನಿಲ್ಲಿಸಬಲ್ಲ. ಯಾವ ಅಂಗಡಿಯಲ್ಲಿಯೂ ಕಾಸು ಕೊಡದೆ ದೊರೆಯುವ ಹಿಡಿತವೆಂದರೆ ಇದೊಂದೇ.

ಚಳಿ ಹೆಚ್ಚಿದಷ್ಟೂ ರಸ್ತೆ ಹೆಚ್ಚು ಜಾರುತ್ತದೆಂದು ಅನೇಕರ ಎಣಿಕೆ. ನಿಜ ಸಂಗತಿ ಬೇರೆ. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿರುವಾಗ ನೀರ್ಗಲ್ಲು ಒರಟಾಗಿದ್ದು ರಬ್ಬರಿಗೆ ಅಷ್ಟಿಷ್ಟು ಆಸರೆ ಕೊಡುತ್ತದೆ. ಶೈತ್ಯ ಶೂನ್ಯದ ಆಸುಪಾಸಿನಲ್ಲಿ ಸುಳಿದಾಡುವಾಗ, ಹಿಮ ಅತ್ತ ಕರಗದೆ ಇತ್ತ ಗಟ್ಟಿಯಾಗದೆ ಇರುವಾಗ, ಅದರ ಮೇಲೊಂದು ತೆಳುವಾದ ನೀರಿನ ಪೊರೆ ನಿಲ್ಲುತ್ತದೆ. ಎಣ್ಣೆ ಸುರಿದ ಗಾಜಿನ ಮೇಲೆ ಓಡಿಸಿದಂತಾಗುವುದು ಆಗಲೇ.

ರಬ್ಬರಿಗೂ ಚಳಿಯಾಗುತ್ತದೆ

ಮಾರ್ಗಶಿರದ ಚಳಿಯಲ್ಲಿ ಶೀಸೆಯೊಳಗಿನ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದನ್ನು ಕಾಣದವರಿಲ್ಲ. ಟೈರಿನ ರಬ್ಬರಿಗೂ ಅಂಥದೇ ಒಂದು ಗತಿ ಬರುತ್ತದೆ. ಬೇಸಗೆಯ ಕಾದ ರಸ್ತೆಗಾಗಿ ತಯಾರಾದ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಕ್ರಮೇಣ ಬಿರುಸಾಗುತ್ತ ಹೋಗುತ್ತದೆ. ಬಿರುಸಾದ ರಬ್ಬರು ನೆಲದ ಉಬ್ಬು ತಗ್ಗುಗಳಿಗೆ ಒಗ್ಗಿಕೊಳ್ಳಲಾರದು. ಮರದ ಗಾಲಿಯಂತೆ ಮೇಲೆ ಮೇಲೆ ಜಾರುತ್ತದೆ. ಆದುದರಿಂದ ಹಿಮದ ನಾಡಿನವರು ಚಳಿಗಾಲಕ್ಕೆಂದೇ ಬೇರೆ ಟೈರುಗಳನ್ನು ಇಟ್ಟುಕೊಂಡಿರುತ್ತಾರೆ. ಉಣ್ಣೆಯ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆಯುವ ಕಾಲಕ್ಕೆ ಕಾರಿನ ಟೈರೂ ಬದಲಾಗುತ್ತದೆ.

ಈ ಉಪಾಯವನ್ನು ಮೊದಲು ಕಾರ್ಯರೂಪಕ್ಕೆ ತಂದ ಕೀರ್ತಿ ಫಿನ್ಲೆಂಡಿಗೆ ಸಲ್ಲುತ್ತದೆ. ಅಲ್ಲಿನ ಒಂದು ರಬ್ಬರು ಕಾರ್ಖಾನೆ, ಇಂದು ನೋಕಿಯನ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವುದು, 1934ರಲ್ಲಿ ಲಾರಿಗಳಿಗಾಗಿ ಚಳಿಗಾಲದ ಟೈರನ್ನು ತಯಾರಿಸಿತು. ಎರಡು ವರ್ಷಗಳ ತರುವಾಯ, 1936ರಲ್ಲಿ, ಕಾರುಗಳಿಗೆ ಹೊಂದುವ ಹಾಕ್ಕಪೆಲೀಟ್ಟ ಎಂಬ ಟೈರು ಹೊರಬಂದಿತು. ಅದೇ ಹೆಸರಿನ ಟೈರುಗಳು ಈಗಲೂ ತಯಾರಾಗುತ್ತಿವೆ.

ಚಳಿಗಾಲದ ಟೈರಿನ ಗುಣ ಮೂರು ಬಗೆಯದು. ಒಂದನೆಯದಾಗಿ, ಅದರ ರಬ್ಬರಿನಲ್ಲಿ ಸಿಲಿಕವೇ ಮೊದಲಾದ ವಸ್ತುಗಳನ್ನು ಬೆರೆಸಿ ಕೊರೆವ ಚಳಿಯಲ್ಲಿಯೂ ಮೆದುವಾಗಿರುವಂತೆ ಮಾಡಿರುತ್ತಾರೆ. ಎರಡನೆಯದಾಗಿ, ಅದರ ಬಟನ್ನುಗಳು ದೊಡ್ಡವು, ನಡುವಣ ಕಾಲುವೆಗಳು ಆಳವಾದುವು. ಈ ಕಾಲುವೆಗಳಲ್ಲಿ ಹಿಮ ತುಂಬಿಕೊಂಡರೆ ಕೆಟ್ಟಿತೆಂದು ತೋರಬಹುದು. ಆದರೆ ಮಕ್ಕಳು ಹಿಮವನ್ನು ಹಿಡಿಹಿಡಿಯಾಗಿ ಒತ್ತಿ ಉಂಡೆ ಕಟ್ಟುವಾಗ ಆಗುವಂತೆ, ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟಿಕೊಳ್ಳುತ್ತದೆ. ಕಾಲುವೆಯೊಳಗಿನ ಹಿಮ ರಸ್ತೆಯ ಹಿಮವನ್ನು ಹಿಡಿಯುತ್ತದೆ! ಮೂರನೆಯದಾಗಿ, ಪ್ರತಿ ಬಟನ್ನಿನ ಮೇಲೂ ಕ್ಷೌರದ ಬ್ಲೇಡಿನಿಂದ ಕೊಯ್ದಂಥ ನೂರಾರು ಸಣ್ಣ ಸೀಳುಗಳಿರುತ್ತವೆ. ಭಾರ ಬಿದ್ದಾಗ ಅವು ಬಿರಿದು ಅಂಚುಗಳಿಂದ ನೆಲವನ್ನು ಕಚ್ಚುತ್ತವೆ. ಈ ಸೀಳುಗಳಿಗೆ ‘ಸೈಪು’ ಎಂದು ಹೆಸರು. 1920ರ ದಶಕದಲ್ಲಿ ಇವುಗಳಿಗೆ ಹಕ್ಕುಪತ್ರ ಪಡೆದ ಜಾನ್ ಸೈಪ್ ಎಂಬ ಅಮೆರಿಕನ್ನನ ಹೆಸರೇ ಹೀಗೆ ಉಳಿದುಕೊಂಡಿದೆ. ಕಸಾಯಿಖಾನೆಯ ಒದ್ದೆ ನೆಲದ ಮೇಲೆ ಜಾರಿ ಜಾರಿ ಬೇಸತ್ತು ಆತ ತನ್ನ ಬೂಟಿನ ಅಟ್ಟೆಯನ್ನು ಚಾಕುವಿನಿಂದ ಗೀರಿಕೊಂಡನೆಂದೂ, ಅಲ್ಲಿಂದ ಈ ಯುಕ್ತಿ ಹುಟ್ಟಿತೆಂದೂ ಒಂದು ಕಥೆಯಿದೆ.

ಎಷ್ಟು ಒಳ್ಳೆಯ ಟೈರಾದರೂ ಸವೆದ ಮೇಲೆ ನಿಷ್ಪ್ರಯೋಜಕ. ಹೊಸ ಟೈರಿನ ಕಾಲುವೆ ಸುಮಾರು 8 ಮಿಲಿಮೀಟರು ಆಳವಿರುತ್ತದೆ. ಬೇಸಗೆಯ ರಸ್ತೆಗೆ 1.6 ಮಿಲಿಮೀಟರಿನವರೆಗೂ ಕಾನೂನಿನ ಅಡ್ಡಿಯಿಲ್ಲ. ಫಿನ್ಲೆಂಡಿನಲ್ಲಿ ಚಳಿಗಾಲದ ಟೈರಿಗೆ 3 ಮಿಲಿಮೀಟರಾದರೂ ಇರಲೇಬೇಕು. ಸ್ವೀಡನ್ ದೇಶ 1999ರಿಂದ, ಕೆನಡದ ಕ್ಯುಬೆಕ್ ಪ್ರಾಂತ 2008ರಿಂದ ಚಳಿಗಾಲದ ಟೈರನ್ನು ಕಡ್ಡಾಯ ಮಾಡಿವೆ. ಕೊಳ್ಳುವವರು ಟೈರಿನ ಪಕ್ಕದಲ್ಲಿ ಮೂರು ಶಿಖರಗಳುಳ್ಳ ಬೆಟ್ಟದೊಳಗೆ ಒಂದು ಹಿಮದ ಹರಳಿನ ಚಿತ್ರವಿದೆಯೆ ಎಂದು ನೋಡಿಕೊಳ್ಳಬೇಕು. ಹಿಮದ ಮೇಲೆ ಪರೀಕ್ಷೆಗೊಂಡು ತೇರ್ಗಡೆಯಾದ ಟೈರಿಗೆ ಅದು ಗುರುತು.

ಗಾಲಿಗೆ ಕಟ್ಟಿದ ಸರಪಳಿ

ಬೇರೆ ಟೈರು ಇಲ್ಲದವನ ಪಾಡೇನು? ಅವನಿಗೆ ಸರಪಳಿಯೇ ಗತಿ. ಇದರ ಇತಿಹಾಸ ಟೈರಿನದಕ್ಕಿಂತ ಹಳೆಯದು. ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಕ್ಯಾನಸ್ಟೋಟ ಎಂಬ ಊರಿನ ಹ್ಯಾರಿ ವೀಡ್ ಎಂಬಾತನು, ಮೋಟಾರಿನವರು ಕೆಸರಿನಲ್ಲಿಯೂ ಹಿಮದಲ್ಲಿಯೂ ಸಿಕ್ಕಿಕೊಂಡಾಗ ಗಾಲಿಗೆ ಹಗ್ಗವನ್ನೋ ಕಾಡುಬಳ್ಳಿಯನ್ನೋ ಸುತ್ತಿಕೊಳ್ಳುವುದನ್ನು ಕಂಡನು. ಹಗ್ಗ ಸವೆದು ಹರಿಯುತ್ತದೆ, ಬಳ್ಳಿ ಒಂದು ಹರದಾರಿಯೂ ಬಾಳುವುದಿಲ್ಲ. ಅದರ ಬದಲು ಕಬ್ಬಿಣದ ಸರಪಳಿಯನ್ನೇಕೆ ಸುತ್ತಬಾರದು? 1904ರ ಆಗಸ್ಟಿನಲ್ಲಿ ಅವನಿಗೆ ಇದರ ಹಕ್ಕುಪತ್ರ ದೊರೆಯಿತು. ಇಂದಿಗೂ ಆ ಸರಪಳಿಯ ರೂಪ ಬಹಳ ಬದಲಾಗಿಲ್ಲ.

ಕನ್ನಡ ನಾಡಿನಲ್ಲಿ ಹಿಮ ಬೀಳದಿದ್ದರೂ ಈ ಸಾಧನ ಇಲ್ಲಿಗೆ ಅಪರಿಚಿತವಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಾಫಿ ತೋಟಗಳ ಏರುದಾರಿ ಕೆಂಪು ಕೆಸರಾದಾಗ ಜೀಪಿನವರು ಗಾಲಿಗೆ ಸರಪಳಿ ಬಿಗಿಯುವುದುಂಟು. ಕೆಸರಾಗಲಿ ಹಿಮವಾಗಲಿ, ತತ್ತ್ವ ಒಂದೇ: ಮೇಲಿನ ಜಾರುಪದರವನ್ನು ಸೀಳಿ ಕೆಳಗಿನ ಗಟ್ಟಿಯನ್ನು ಮುಟ್ಟಬೇಕು.

ಸರಪಳಿಯನ್ನು ಕಟ್ಟುವುದರಲ್ಲಿಯೂ ವಿವೇಕ ಬೇಕು. ಎಂಜಿನ್ನು ಯಾವ ಗಾಲಿಗಳನ್ನು ತಿರುಗಿಸುತ್ತದೋ ಆ ಗಾಲಿಗಳಿಗೇ ಅದನ್ನು ಕಟ್ಟಬೇಕು. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಗಾಲಿಯಿಂದ ಓಡುವಂಥವು. ಹಿಂದಿನ ಗಾಲಿಗೆ ಸರಪಳಿ ಕಟ್ಟಿದರೆ ಬಂಡಿಯಲ್ಲಿ ಎತ್ತನ್ನು ಬಿಟ್ಟು ಅಚ್ಚಿಗೆ ಲಾಳ ಹೊಡೆದಂತಾದೀತು. ಕಟ್ಟಿ ನೂರು ಮಾರು ಹೋದ ಮೇಲೆ ಒಮ್ಮೆ ಇಳಿದು ಮತ್ತೆ ಬಿಗಿಯಬೇಕು. ಗಂಟೆಗೆ 50 ಕಿಲೋಮೀಟರಿಗಿಂತ ಹೆಚ್ಚು ವೇಗ ಸಲ್ಲದು. ಡಾಂಬರು ಕಣ್ಣಿಗೆ ಬಿದ್ದ ಕೂಡಲೆ ಬಿಚ್ಚಿಬಿಡಬೇಕು. ಇಲ್ಲದಿದ್ದರೆ ಸರಪಳಿ ಟೈರನ್ನೂ ರಸ್ತೆಯನ್ನೂ ತಿನ್ನುತ್ತದೆ. ಮೊದಲ ಬಾರಿಗೆ ಕಟ್ಟುವುದನ್ನು ಕತ್ತಲಲ್ಲಿ, ಮರಗಟ್ಟಿದ ಬೆರಳುಗಳಿಂದ ಕಲಿಯಲು ಹೊರಡುವುದು ಹುಚ್ಚುತನ. ಮನೆಯಂಗಳದಲ್ಲಿ ಎರಡು ಸಾರಿ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿದವನೇ ಜಾಣ.

ನಾರ್ವೆ ದೇಶದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಗಾಲಿಗೆ ಕಾಲುಚೀಲವನ್ನೇ ತೊಡಿಸಿದ್ದಾರೆ! ಒರಟು ನೂಲಿನ ಈ ಚೀಲವನ್ನು ಟೈರಿನ ಮೇಲೆ ಎಳೆದರೆ ಒಣ ಹಿಮವನ್ನು ಸೊಗಸಾಗಿ ಹಿಡಿಯುತ್ತದೆ. ಸರಪಳಿಯಷ್ಟು ಗಟ್ಟಿಯಲ್ಲವಾದರೂ ಹೆಂಗಸರು ಮಕ್ಕಳು ಕೂಡ ಸುಲಭವಾಗಿ ತೊಡಿಸಬಹುದು.

ಮೊಳೆ ತಂದ ಧೂಳು

ಪಂದ್ಯದ ಕಾರುಗಳಿಗೆ ಮೊಳೆ ಹೊಡೆದ ಟೈರುಗಳನ್ನು ಹಾಕುತ್ತಿದ್ದರು. ಗಟ್ಟಿ ಲೋಹದ ಈ ಸಣ್ಣ ಮೊಳೆಗಳು ನೀರ್ಗಲ್ಲನ್ನು ಚುಚ್ಚಿ ಹಿಡಿಯುತ್ತವೆ. 1960ರ ದಶಕದಿಂದ ಈ ಟೈರುಗಳು ಉತ್ತರ ದೇಶಗಳಲ್ಲೆಲ್ಲ ಹರಡಿದುವು. ಆದರೆ ಗುಣದ ಬೆನ್ನಿಗೇ ದೋಷವೂ ಬಂದಿತು. ಹಿಮವಿಲ್ಲದ ಕಡೆ ಆ ಮೊಳೆಗಳು ರಸ್ತೆಯನ್ನೇ ಉಳತೊಡಗಿದುವು.

ಜಪಾನಿನಲ್ಲಿ ಈ ಪೀಡೆ ಅತಿಯಾಯಿತು. 1980ರ ದಶಕದಲ್ಲಿ ಸೆಂಡೈ ಮೊದಲಾದ ನಗರಗಳಲ್ಲಿ ಹಿಮ ಕರಗಿದೊಡನೆ ಬೀದಿಗಳ ಮೇಲೆ ಡಾಂಬರಿನ ಧೂಳು ಮೋಡದಂತೆ ಏಳುತ್ತಿತ್ತು. ಜನರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡಬೇಕಾಯಿತು. ಕೊನೆಗೆ 1990ರಲ್ಲಿ ಮೊಳೆಯ ಟೈರನ್ನು ತಡೆಯುವ ಕಾನೂನೇ ಬಂದಿತು. ಅಷ್ಟು ಹೊತ್ತಿಗೆ ಮೊಳೆಯಿಲ್ಲದೆ ನೀರ್ಗಲ್ಲನ್ನು ಹಿಡಿಯುವ ಟೈರುಗಳನ್ನು ಅಲ್ಲಿನ ಕಾರ್ಖಾನೆಗಳು ಸಿದ್ಧಪಡಿಸಿದ್ದುವು. 1988ರಲ್ಲಿ ಬಂದ ಬ್ಲಿಜ್ಜಾಕ್ ಎಂಬುದು ಅವುಗಳಲ್ಲಿ ಹೆಸರಾದದ್ದು. ಅದರ ರಬ್ಬರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ನೀರ್ಗಲ್ಲಿನ ಮೇಲಣ ನೀರಿನ ಪೊರೆಯನ್ನು ಅವು ಹೀರಿಕೊಂಡು ರಬ್ಬರಿಗೆ ದಾರಿ ಮಾಡಿಕೊಡುತ್ತವೆ.

ಧೂಳು ಅಡಗಿತು. ಆದರೆ ಮತ್ತೊಂದು ವಿಚಿತ್ರ ತಲೆದೋರಿತು. ವರ್ಷಕ್ಕೆ ಐದು ಮೀಟರಿನಷ್ಟು ಹಿಮ ಬೀಳುವ ಸಪ್ಪೊರೊ ನಗರದಲ್ಲಿ, ಕೆಂಪು ದೀಪದ ಮುಂದೆ ನಿಂತು ಹೊರಡುವ ಸಾವಿರಾರು ಕಾರುಗಳ ನುಣುಪಾದ ಟೈರುಗಳು ಕೂಡುರಸ್ತೆಯ ಹಿಮವನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿಬಿಟ್ಟುವು. ಹಿಂದೆ ಮೊಳೆಗಳು ಅದನ್ನು ಗೀರಿ ಒರಟು ಮಾಡುತ್ತಿದ್ದುವು, ಈಗ ಗೀರುವವರಿಲ್ಲ. ಅಲ್ಲಿನ ಬೀದಿಯ ಮೂಲೆಗಳಲ್ಲಿ ಮರಳಿನ ಪೆಟ್ಟಿಗೆಗಳನ್ನು ಇರಿಸಿದ್ದಾರೆ. ದಾರಿಹೋಕರೇ ಒಂದು ಪೊಟ್ಟಣ ತೆಗೆದು ಜಾರುವ ಕಡೆ ಮರಳು ಚೆಲ್ಲಿ ಮುಂದೆ ಹೋಗುತ್ತಾರೆ. ಹಿಂದೆ ಬರುವವನು ಯಾರೆಂದು ತಿಳಿಯದಿದ್ದರೂ ಅವನು ಬೀಳದಿರಲೆಂಬ ಈ ಕಾಳಜಿ ಮೆಚ್ಚತಕ್ಕದ್ದು.

ತುಂಬಿದ ಕೊಡದ ನಡಿಗೆ

ಟೈರು, ಸರಪಳಿ, ಮೊಳೆ ಎಲ್ಲವೂ ಸಾಧನಗಳು. ಅವುಗಳ ಫಲ ಚಾಲಕನ ಕಾಲಿನಲ್ಲಿದೆ. ಪಾಚಿಗಟ್ಟಿದ ಕೆರೆಯ ಮೆಟ್ಟಿಲ ಮೇಲೆ ತುಂಬಿದ ಕೊಡ ಹೊತ್ತು ಬರುವ ಹೆಂಗಸಿನ ನಡಿಗೆಯನ್ನು ನೋಡಬೇಕು. ಅವಳು ಧಾವಿಸುವುದಿಲ್ಲ, ಥಟ್ಟನೆ ನಿಲ್ಲುವುದಿಲ್ಲ, ಥಟ್ಟನೆ ತಿರುಗುವುದೂ ಇಲ್ಲ. ಹಿಮದ ಮೇಲೆ ಕಾರು ನಡೆಸುವ ವಿದ್ಯೆಯೆಲ್ಲ ಆ ನಡಿಗೆಯಲ್ಲಿ ಅಡಗಿದೆ.

ಇರುವ ಹಿಡಿತವನ್ನು ಬಡವನ ಮನೆಯ ಅಕ್ಕಿಯಂತೆ ಎಣಿಸಿ ಖರ್ಚು ಮಾಡಬೇಕು. ಬ್ರೇಕಿಗೆ ಎಲ್ಲವನ್ನೂ ಕೊಟ್ಟರೆ ತಿರುವಿಗೆ ಏನೂ ಉಳಿಯದು. ಆದುದರಿಂದ ತಿರುವು ಬರುವ ಮೊದಲೇ, ಗಾಲಿಗಳು ನೇರವಾಗಿರುವಾಗಲೇ ವೇಗವನ್ನು ಇಳಿಸಬೇಕು. ಆಮೇಲೆ ಬ್ರೇಕಿನಿಂದ ಕಾಲು ತೆಗೆದು ಮೆಲ್ಲಗೆ ತಿರುಗಬೇಕು. ಹೊರಡುವಾಗ ಮೊದಲನೆಯ ಗೇರಿನ ಬಲ ಗಾಲಿಯನ್ನು ಗಿರ್ರನೆ ತಿರುಗಿಸಿ ಹಿಮವನ್ನು ಕನ್ನಡಿ ಮಾಡುತ್ತದೆ. ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡುವುದು ಲೇಸು. ಏರುದಾರಿಯಲ್ಲಿ ಸಮವೇಗದಿಂದ ನಿಲ್ಲದೆ ಏರಬೇಕು. ನಡುವೆ ನಿಂತರೆ ಮತ್ತೆ ಹೊರಡುವುದು ದುಸ್ಸಾಧ್ಯ. ಇಳಿಜಾರಿನಲ್ಲಿ ಮೊದಲೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು.

ಕಾರಿನ ಬಾಲ ಬಲಕ್ಕೆ ಜಾರಿದರೆ ಸ್ಟಿಯರಿಂಗನ್ನು ಬಲಕ್ಕೇ ಮೃದುವಾಗಿ ತಿರುಗಿಸಿ ಎಂಜಿನ್ನಿನ ಮೇಲಿನ ಕಾಲು ತೆಗೆಯಬೇಕು. ಮೂತಿ ತಿರುಗದೆ ನೇರವಾಗಿ ಜಾರತೊಡಗಿದರೆ ಇನ್ನಷ್ಟು ತಿರುಗಿಸುವುದು ಮನುಷ್ಯನ ಸಹಜ ಪ್ರವೃತ್ತಿ. ಅದೇ ತಪ್ಪು. ಸ್ಟಿಯರಿಂಗನ್ನು ಸ್ವಲ್ಪ ಹಿಂದಕ್ಕೆ ಬಿಟ್ಟರೆ ಗಾಲಿಗಳು ಮತ್ತೆ ನೆಲವನ್ನು ಹಿಡಿಯುತ್ತವೆ. ಹಳೆಯ ಕಾರಿನಲ್ಲಿ ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಬೇಕು. ಈಚಿನ ಕಾರುಗಳಲ್ಲಿ ಗಾಲಿ ಕಟ್ಟಿಕೊಳ್ಳದಂತೆ ತಡೆಯುವ ಯಂತ್ರವೇ ಆ ಕೆಲಸವನ್ನು ಮಾಡುತ್ತದೆ. ಕಾಲಿಗೆ ಗಡಗಡನೆ ನಡುಕ ತಾಗಿದರೆ ಹೆದರಿ ಬ್ರೇಕನ್ನು ಬಿಡಬಾರದು.

ನಾಲ್ಕು ಗಾಲಿಗೂ ಎಂಜಿನ್ನಿನ ಬಲವಿರುವ ದೊಡ್ಡ ವಾಹನಗಳವರು ಹಿಮವನ್ನು ಲೆಕ್ಕಿಸಬೇಕಾಗಿಲ್ಲವೆಂದು ಭ್ರಮಿಸುತ್ತಾರೆ. ಆ ವಾಹನ ಹೊರಡುವುದರಲ್ಲಿ, ಏರುವುದರಲ್ಲಿ ಮೇಲು ನಿಜ. ನಿಲ್ಲಿಸುವಾಗ ಮಾತ್ರ ಎಲ್ಲ ಕಾರುಗಳಿಗೂ ನಾಲ್ಕೇ ಗಾಲಿಗಳ ಬ್ರೇಕು. ತೂಕ ಹೆಚ್ಚಿದ ಮಾತ್ರಕ್ಕೆ ಅದು ಬೇಗ ನಿಲ್ಲದು. ಸುಲಭವಾಗಿ ಹೊರಟು ಬಂದವನಿಗೆ ರಸ್ತೆ ಎಷ್ಟು ಜಾರುತ್ತಿದೆಯೆಂಬುದೇ ತಿಳಿದಿರುವುದಿಲ್ಲ. ಮೊದಲ ಬಾರಿಗೆ ತಿಳಿಯುವುದು ಬ್ರೇಕು ಹಾಕಿದಾಗ.

ಮಿನಿಯ ಗೆಲವಿನ ಗುಟ್ಟೂ ಇಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಅದರ ಎಂಜಿನ್ನು ಮುಂದೆ. ಬಲ ಹೋಗುವುದೂ ಮುಂದಿನ ಗಾಲಿಗಳಿಗೆ. ಎಂಜಿನ್ನಿನ ತೂಕವೆಲ್ಲ ಎಳೆಯುವ ಗಾಲಿಗಳ ಮೇಲೆಯೇ ಬಿದ್ದು ಅವನ್ನು ಹಿಮಕ್ಕೆ ಒತ್ತಿ ಹಿಡಿಯುತ್ತದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಎಂಜಿನ್ನು ಹಿಂದೆ, ನೂಕುವ ಗಾಲಿಯೂ ಹಿಂದೆ. ಆದುದರಿಂದ ಹಿಮದ ನಾಡಿನಲ್ಲಿ ಅದಕ್ಕೂ ಒಳ್ಳೆಯ ಹೆಸರು. ಭಾರತದ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಡರ್ ಕಾರಿನಲ್ಲಿ ಎಂಜಿನ್ನು ಮುಂದೆ, ನೂಕುವ ಗಾಲಿ ಹಿಂದೆ. ಅಂಥ ಕಾರಿಗೆ ಡಿಕ್ಕಿಯಲ್ಲಿ ಒಂದೆರಡು ಮೂಟೆ ಮರಳು ಹೇರುವುದು ಹಳೆಯ ಉಪಾಯ. ಭಾರವೂ ಆಯಿತು, ಸಿಕ್ಕಿಕೊಂಡಾಗ ಗಾಲಿಯ ಕೆಳಗೆ ಚೆಲ್ಲಲು ಮರಳೂ ಆಯಿತು. 1983ರಲ್ಲಿ ಮಾರುತಿ 800 ಬಂದ ಮೇಲೆ ಮುಂದಿನ ಗಾಲಿಯಿಂದ ಓಡುವ ಸಣ್ಣ ಕಾರು ಇಲ್ಲಿಯೂ ಮನೆಮಾತಾಯಿತು.

ಹಿಮಾಲಯದ ಬಾಗಿಲಲ್ಲಿ

ಈ ವಿಚಾರ ದಕ್ಷಿಣದವರಿಗೆ ಒಂದು ಕಾಲಕ್ಕೆ ಕೇವಲ ಕುತೂಹಲದ ಸಂಗತಿಯಾಗಿತ್ತು. ಹಿಮಾಚಲ ಪ್ರದೇಶದ ಮನಾಲಿಯ ಆಚೆ 13,050 ಅಡಿ ಎತ್ತರದ ರೋಹತಾಂಗ್ ಕಣಿವೆದಾರಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರು ಉದ್ದದ ಅಟಲ್ ಸುರಂಗ ತೆರೆದ ಮೇಲೆ ನಡುಚಳಿಗಾಲದಲ್ಲಿಯೂ ಸಾಮಾನ್ಯ ಕಾರುಗಳು 10,000 ಅಡಿಗೆ ಮೇಲ್ಪಟ್ಟ ಎತ್ತರಕ್ಕೆ ಏರಿಹೋಗುವಂತಾಯಿತು. ಹಿಮವನ್ನು ನೋಡುವ ಆಸೆಯಿಂದ ದೇಶದ ಮೂಲೆಮೂಲೆಗಳಿಂದ ಜನ ಬರುತ್ತಾರೆ. ಬೆಂಗಳೂರಿನಿಂದ ಸ್ವಂತ ಕಾರಿನಲ್ಲಿಯೇ ಹೊರಡುವ ಸಾಹಸಿಗಳೂ ಅವರಲ್ಲಿ ಉಂಟು.

2024ರ ಡಿಸೆಂಬರಿನ ಕೊನೆಯಲ್ಲಿ ಸೋಲಂಗ್ ಕಣಿವೆಗೂ ಸುರಂಗಕ್ಕೂ ನಡುವೆ ಹಿಮ ಬಿದ್ದಾಗ ಸಾವಿರದಷ್ಟು ವಾಹನಗಳು ದಾರಿಯಲ್ಲಿ ಸಿಕ್ಕಿಕೊಂಡುವು. ಪೊಲೀಸರು ಚಳಿಯಲ್ಲಿ ನಿಂತು ಪ್ರವಾಸಿಗಳನ್ನು ಇಳಿಸಿ ಕಳುಹಿಸಬೇಕಾಯಿತು. ಅಂಥ ದಾರಿಯಲ್ಲಿ ಬ್ರೇಕು ಒತ್ತಿ ಹಿಡಿದಿದ್ದರೂ ಕಾರು ಓರೆಯಾಗಿ, ತಾನೇ ತಾನಾಗಿ, ಮೆಲ್ಲಮೆಲ್ಲನೆ ಪ್ರಪಾತದ ಕಡೆಗೆ ಸರಿಯುತ್ತದೆ. ಒಳಗೆ ಕುಳಿತವನಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಹಿಮಾಲಯದ ರಸ್ತೆಯಲ್ಲಿ ಬಿಳಿಯ ಹಿಮಕ್ಕಿಂತ ಕಪಟವಾದದ್ದು ಇನ್ನೊಂದಿದೆ. ಹಗಲಿನ ಬಿಸಿಲಿಗೆ ಕರಗಿದ ನೀರು ರಸ್ತೆಯ ಮೇಲೆ ಹರಿದು, ಸಂಜೆ ಹೆಪ್ಪುಗಟ್ಟಿ, ಗಾಜಿನಂಥ ಪದರವಾಗುತ್ತದೆ. ಅದರ ಮೂಲಕ ಡಾಂಬರಿನ ಕಪ್ಪೇ ಕಾಣುವುದರಿಂದ ರಸ್ತೆ ಒದ್ದೆಯಾಗಿದೆ ಎಂದಷ್ಟೇ ತೋರುತ್ತದೆ. ಬಂಡೆಯ ನೆರಳಿನ ತಿರುವುಗಳಲ್ಲಿ, ಸೇತುವೆಗಳ ಮೇಲೆ ಅದು ಹೊಂಚು ಹಾಕಿರುತ್ತದೆ. ಬಿಸಿಲು ಏರುವ ಮೊದಲು ಹೊರಡಬಾರದು. ಬಿಸಿಲು ಇಳಿಯುವುದರೊಳಗೆ ಮರಳಬೇಕು. ಎದುರು ಬರುವ ಊರಿನ ಚಾಲಕ ಗಾಲಿಗೆ ಸರಪಳಿ ಕಟ್ಟಿದ್ದರೆ ಹೊರಗಿನವನು ಅಲ್ಲಿಯೇ ಎಚ್ಚರಗೊಳ್ಳಬೇಕು.

ಗಾಳಿಯ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆ ಬಳಕೆಯಲ್ಲಿದೆ. ಮರಳುಗಾಡಿನಲ್ಲಿ ಮಾಡುವಂತೆ ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಹಿಮದಲ್ಲಿ ಹಿಡಿತ ಹೆಚ್ಚುತ್ತದೆಂದು ಕೆಲವರು ಹೇಳುತ್ತಾರೆ. ರಸ್ತೆಯ ಗಟ್ಟಿಹಿಮದ ಮೇಲೆ ಸಾಮಾನ್ಯ ಕಾರಿಗೆ ಇದು ಹಿತವಲ್ಲ. ಮೆತ್ತಗಾದ ಟೈರು ತಿರುವಿನಲ್ಲಿ ತೂಗಾಡುತ್ತದೆ. ಚಳಿ 6 ಡಿಗ್ರಿ ಹೆಚ್ಚಿದಂತೆಲ್ಲ ಟೈರಿನ ಒತ್ತಡ ತಾನಾಗಿಯೇ ಸುಮಾರು ಒಂದು ಪೌಂಡು ಇಳಿಯುತ್ತದೆ. ಆದುದರಿಂದ ಬೆಳಗ್ಗೆ ತಣ್ಣಗಿರುವಾಗ ಪರೀಕ್ಷಿಸಿ ಕಾರ್ಖಾನೆಯವರು ಹೇಳಿದಷ್ಟು ತುಂಬಿಸುವುದೇ ಸರಿ.

ನಿಂತ ಕಾರಿನ ಅಪಾಯ

ಜಾರುವ ಕಾರಿನ ಭಯ ಎಲ್ಲರಿಗೂ ತಿಳಿದದ್ದೇ. ನಿಂತ ಕಾರಿನ ಅಪಾಯವನ್ನು ಬಲ್ಲವರು ವಿರಳ. ಪಾಕಿಸ್ತಾನದ ಮರ್ರೀ ಎಂಬ ಗಿರಿಧಾಮದಲ್ಲಿ 2022ರ ಜನವರಿ ಮೊದಲ ವಾರದಲ್ಲಿ ನಡೆದ ದುರಂತ ಇದಕ್ಕೆ ಸಾಕ್ಷಿ. ಹಿಮ ನೋಡಲೆಂದು ಊರು ತಾಳಲಾರದಷ್ಟು ಕಾರುಗಳು ಬಂದಿದ್ದುವು. ಜನವರಿ 7ರ ರಾತ್ರಿ ಬಿರುಗಾಳಿಯೊಡನೆ ನಾಲ್ಕು ಅಡಿಗಳಷ್ಟು ಹಿಮ ಸುರಿಯಿತು. ಮರಗಳು ಉರುಳಿ ರಸ್ತೆ ಮುಚ್ಚಿತು. ಮುಂದೆ ಹೋಗಲಾರದೆ, ಹಿಂದೆ ಬರಲಾರದೆ ಜನರು ಕಾರಿನ ಗಾಜುಗಳನ್ನು ಏರಿಸಿಕೊಂಡು ಬೆಳಗಾಗುವುದನ್ನೇ ಕಾಯುತ್ತ ಕುಳಿತರು. ಬೆಳಗಾದಾಗ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಅವರಲ್ಲಿ ಮಕ್ಕಳೂ ಇದ್ದರು.

ಕೊರೆವ ಚಳಿಯ ಜೊತೆಗೆ ಅವರನ್ನು ಕಾಡಿದ ಇನ್ನೊಬ್ಬ ವೈರಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಬೆಚ್ಚಗಿರಲೆಂದು ಎಂಜಿನ್ನನ್ನು ಓಡಿಸುತ್ತಲೇ ಇರುತ್ತಾರೆ. ಹೊರಗೆ ಹಿಮ ಏರುತ್ತ ಏರುತ್ತ ಸೈಲೆನ್ಸರಿನ ಬಾಯನ್ನು ಮುಚ್ಚುತ್ತದೆ. ಹೊಗೆ ಹೊರಹೋಗಲಾರದೆ ಕಾರಿನ ತಳದಿಂದ ಒಳಕ್ಕೆ ನುಸುಳುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಅದು ಕಸಿದುಕೊಳ್ಳುತ್ತದೆ. ತಲೆನೋವು, ಮಂಪರು, ನಿದ್ದೆ. ಆ ನಿದ್ದೆಯಿಂದ ಏಳುವುದಿಲ್ಲ.

ಹಿಮದಲ್ಲಿ ಸಿಕ್ಕಿಕೊಂಡವರು ನೆನಪಿಡಬೇಕಾದ ಮೊದಲ ಮಾತು ಇದು: ಎಂಜಿನ್ನು ಹಚ್ಚುವ ಮೊದಲು ಇಳಿದುಹೋಗಿ ಸೈಲೆನ್ಸರಿನ ಸುತ್ತಲಿನ ಹಿಮವನ್ನು ತೆಗೆಯಬೇಕು. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ನು ಓಡಿಸಬೇಕು. ಗಾಳಿ ಬೀಸದ ಮಗ್ಗುಲಿನ ಗಾಜನ್ನು ಬೆರಳಷ್ಟು ಇಳಿಸಿರಬೇಕು. ಪ್ರತಿ ಸಲವೂ ಸೈಲೆನ್ಸರನ್ನು ಮತ್ತೆ ನೋಡಬೇಕು. ಎಲ್ಲರೂ ಒಟ್ಟಿಗೆ ನಿದ್ದೆ ಮಾಡಬಾರದು, ಒಬ್ಬರಾದರೂ ಎಚ್ಚರವಿರಬೇಕು. ಸುತ್ತಣ ದಾರಿ ಕಾಣದಿರುವಾಗ ಕಾರನ್ನು ಬಿಟ್ಟು ನಡೆದುಹೋಗುವುದು ಅಪಾಯಕರ. ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ.

ಹಿಮದ ನಾಡಿನ ಜನರ ಡಿಕ್ಕಿಯಲ್ಲಿ ಕೆಲವು ವಸ್ತುಗಳು ಸದಾ ಇರುತ್ತವೆ: ಒಂದು ಸಲಿಕೆ, ಒಂದು ಚೀಲ ಮರಳು, ಕಂಬಳಿಗಳು, ಟಾರ್ಚು, ಎಳೆಯುವ ಹಗ್ಗ, ಕುಡಿಯುವ ನೀರು, ಒಣ ತಿಂಡಿ. ಗಾಲಿ ಸುಮ್ಮನೆ ಗಿರಕಿ ಹೊಡೆಯತೊಡಗಿದರೆ ಅವರು ಎಂಜಿನ್ನನ್ನು ಗುಡುಗಿಸುವುದಿಲ್ಲ. ಹಾಗೆ ಮಾಡಿದಷ್ಟೂ ಹಳ್ಳ ಆಳವಾಗುತ್ತದೆ. ಇಳಿದು ಗಾಲಿಯ ಮುಂದೆ ಹಿಂದೆ ಹಿಮ ತೋಡಿ, ಮರಳನ್ನೋ ಬೂದಿಯನ್ನೋ ಚೆಲ್ಲುತ್ತಾರೆ. ಅದೂ ಇಲ್ಲದಿದ್ದರೆ ಕಾಲಡಿಯ ಚಾಪೆಯನ್ನೋ ಗೋಣಿತಾಟನ್ನೋ ಗಾಲಿಯ ಕೆಳಗೆ ತುರುಕಿ, ಕಾರನ್ನು ತೊಟ್ಟಿಲಿನಂತೆ ಹಿಂದಕ್ಕೂ ಮುಂದಕ್ಕೂ ತೂಗಿ ಹೊರತೆಗೆಯುತ್ತಾರೆ. ಹ್ಯಾರಿ ವೀಡ್ ಕಂಡ ಆ ಹಗ್ಗಕ್ಕೂ ಈ ಗೋಣಿತಾಟಿಗೂ ವ್ಯತ್ಯಾಸ ಬಹಳವಿಲ್ಲ.

ನೂರಿಪ್ಪತ್ತು ವರ್ಷಗಳಲ್ಲಿ ರಬ್ಬರು ಮೆದುವಾಗಿದೆ, ಸರಪಳಿ ಹಗುರವಾಗಿದೆ, ಬ್ರೇಕು ತಾನೇ ಯೋಚಿಸುವಷ್ಟು ಜಾಣವಾಗಿದೆ. ಆದರೆ ಕಾರು ನೆಲವನ್ನು ಮುಟ್ಟುವ ಜಾಗ ಅಂದಿನಂತೆ ಇಂದೂ ನಾಲ್ಕು ಅಂಗೈಯಗಲವೇ. ಆ ಜಾಗದ ಬೆಲೆಯನ್ನು ಅರಿತವನಿಗೆ ಸಣ್ಣ ಕಾರೂ ಸಾಕು. ನಿಧಾನವೇ ಪ್ರಧಾನವೆಂಬ ಹಿರಿಯರ ನುಡಿ ಹಿಮವನ್ನು ಕಾಣದ ನಾಡಿನಲ್ಲಿ ಹುಟ್ಟಿದರೂ ಹಿಮದ ಹಾದಿಗೆ ಹೇಳಿ ಮಾಡಿಸಿದಂತಿದೆ. ಅದಕ್ಕೂ ಮಿಗಿಲಾದ ವಿವೇಕವೊಂದಿದೆ: ಮೋಡ ಕವಿದು ಮೊದಲ ಹಿಮದ ಹರಳು ಗಾಜಿನ ಮೇಲೆ ಬೀಳುವಾಗ, ಮುಂದಿನ ಏರನ್ನು ಒಮ್ಮೆ ನೋಡಿ, ಕಾರನ್ನು ಊರಿನ ಕಡೆಗೆ ತಿರುಗಿಸುವುದು. ಹಾಗೆ ತಿರುಗಿಸಿದವರ ಹೆಸರು ಯಾವ ಪಂದ್ಯದ ಪಟ್ಟಿಯಲ್ಲಿಯೂ ಬರುವುದಿಲ್ಲ. ಅವರು ಸುರಕ್ಷಿತವಾಗಿ ಮನೆಗೆ ಬರುತ್ತಾರೆ.